ಕಟ್ಟದೆ ಬಿಟ್ಟ ಬಾಣ

ಸೈಕಲ್ ಸವಾರಿಗೆ ಬಂದವರೆಲ್ಲ ಅವನನ್ನು ಬಾಲ ಎಂದೇ ಕರೆಯುತ್ತಿದ್ದರು. ಆ ಹೆಸರಿಟ್ಟವನು ಅವನ ಅಕ್ಕನ ಗಂಡ. ಪ್ರತಿ ಸವಾರಿಯ ಬೆಳಿಗ್ಗೆ ಹೆಲ್ಮೆಟ್ ಕಟ್ಟಿಕೊಂಡು ನಿಂತ ಹತ್ತು ಹನ್ನೆರಡು ಜನರ ಮುಂದೆ ಭಾವ ಎದೆ ತಟ್ಟಿಕೊಂಡು, ‘ನಾನು ತಲೆ’ ಎನ್ನುತ್ತಿದ್ದ. ಆಮೇಲೆ ಹಿಂದೆ ಪಂಪು ಹಿಡಿದು ನಿಂತ ಭಾಮೈದನ ಕಡೆ ಬೆರಳು ತೋರಿಸಿ, ‘ಅವನು ನಮ್ಮ ಬಾಲ. ಯಾರೂ ಬಾಲಕ್ಕಿಂತ ಹಿಂದೆ ಬೀಳಬಾರದು’ ಎನ್ನುತ್ತಿದ್ದ. ಜನ ನಗುತ್ತಿದ್ದರು. ಹನ್ನೊಂದು ವರ್ಷದಿಂದ ಅದೇ ಜೋಕು, ಅದೇ ನಗು. ಬಾಲನೂ ನಗುತ್ತಿದ್ದ. ನಗದೆ ಇದ್ದರೆ ಮೂತಿ ಊದಿಸಿಕೊಂಡಿದ್ದಾನೆ ಎನ್ನುತ್ತಾರಲ್ಲ.

ಭಾವನದು ಸೈಕಲ್ ಅಂಗಡಿ. ಮುಂದಿನ ಕೋಣೆಯಲ್ಲಿ ಮಾರಾಟ, ಹಿಂದಿನ ಕೋಣೆಯಲ್ಲಿ ರಿಪೇರಿ. ಮುಂದಿನ ಕೋಣೆಗೆ ಗಾಜಿನ ಬಾಗಿಲು, ಕುಷನ್ ಕುರ್ಚಿ, ಭಾವ. ಹಿಂದಿನ ಕೋಣೆಯಲ್ಲಿ ಮೊಳೆಗೆ ನೇತುಹಾಕಿದ ಟ್ಯೂಬುಗಳು, ಅಳತೆವಾರು ಡಬ್ಬಿಗಳಲ್ಲಿ ನಟ್ಟು ಬೋಲ್ಟು, ಕಿಟಕಿಯ ಪಕ್ಕ ಚಕ್ರದ ಓರೆ ತೆಗೆಯುವ ಸ್ಟ್ಯಾಂಡು, ಎಷ್ಟು ಒರೆಸಿದರೂ ಹೋಗದ ಗ್ರೀಸಿನ ವಾಸನೆ, ಬಾಲ. ವಾರಕ್ಕೊಂದು ದಿನ ಅಂಗಡಿಗೆ ಬೀಗ ಹಾಕಿ ಇಬ್ಬರೂ ಜನರನ್ನು ಕರೆದುಕೊಂಡು ಹೊರಡುತ್ತಿದ್ದರು. ಡಾಂಬರು ಬಿಟ್ಟು ಜಲ್ಲಿ ದಾರಿಯಲ್ಲೇ ಐವತ್ತು ಕಿಲೋಮೀಟರ್. ಊರಾಚೆಯ ದ್ರಾಕ್ಷಿ ತೋಟಗಳ ನಡುವೆ ಹಾದು, ಕಾಡು ಹೊಕ್ಕು, ಎರಡು ಹಳೆಯ ಕೋಟೆ ನೋಡಿಕೊಂಡು, ಹೊಳೆ ಪಕ್ಕದ ಪಾಳು ಗಿರಣಿಯ ನೆರಳಿನಲ್ಲಿ ಊಟ. ಊಟವನ್ನು ವ್ಯಾನಿನಲ್ಲಿ ತರುತ್ತಿದ್ದವಳು ಅಕ್ಕ.

ಫೋನಿನಲ್ಲಿ ನಕ್ಷೆ ನೋಡಿಕೊಂಡು ಹೋಗುವುದು ಈಗ ಯಾರಿಗೆ ಬರುವುದಿಲ್ಲ? ಭಾವ ಅದನ್ನೇ ಬಂಡವಾಳ ಮಾಡಿಕೊಂಡಿದ್ದ. ‘ನಮ್ಮಲ್ಲಿ ನಕ್ಷೆ ಗಿಕ್ಷೆ ಇಲ್ಲ. ಫೋನು ಚೀಲದೊಳಗೆ ಹಾಕಿ. ದಾರಿ ನನ್ನ ತಲೆಯಲ್ಲಿದೆ.’ ನಿಜಕ್ಕೂ ದಾರಿ ಇದ್ದದ್ದು ಮರಗಳ ಮೇಲೆ. ಹೊಸ ಸೈಕಲ್ಲುಗಳು ತುಂಬಿ ಬರುವ ರಟ್ಟಿನ ಪೆಟ್ಟಿಗೆಗಳನ್ನು ಅಕ್ಕ ಅಡುಗೆಮನೆಯ ಮೇಜಿನ ಮೇಲೆ ಹರಡಿ, ಅಂಗೈಯಗಲದ ಬಾಣಗಳಾಗಿ ಕತ್ತರಿಸಿ, ಹಳದಿ ಬಣ್ಣ ಬಳಿದು, ತೂತು ಕೊರೆದು ದಾರ ಪೋಣಿಸುತ್ತಿದ್ದಳು. ಸವಾರಿಯ ಹಿಂದಿನ ಮಧ್ಯಾಹ್ನ ಬಾಲ ಒಬ್ಬನೇ ಹೋಗಿ ಅವನ್ನು ತಿರುವುಗಳಲ್ಲಿ ಕಟ್ಟಿ ಬರುತ್ತಿದ್ದ. ಎಡಗಡೆಯ ಮರ, ಸವಾರನ ಕಣ್ಣಿನ ಎತ್ತರ, ಗಂಟು ಹಿಂಬದಿಗೆ. ತಪ್ಪಿ ಹೋದರೆ ಅಪಾಯ ಎನ್ನುವ ಕಡೆ ಹೋಗಬಾರದ ದಾರಿಗೆ ಅಡ್ಡಲಾಗಿ ಒಂದು ಒಣಕೊಂಬೆ ಎಳೆದಿಡುತ್ತಿದ್ದ. ಮರುದಿನ ಎಲ್ಲರ ಹಿಂದೆ ಬರುತ್ತ ಬಾಣ ಬಿಚ್ಚಿ ಚೀಲಕ್ಕೆ ಹಾಕಿಕೊಂಡು, ಕೊಂಬೆ ಬದಿಗೆ ಸರಿಸಿ, ತೋಟಗಳ ಗೇಟು ಮುಚ್ಚಿ ಬರುತ್ತಿದ್ದ. ಬಾಣಗಳಿರುವುದು ಹಿಂದೆ ಬಿದ್ದವರಿಗಾಗಿ ಎಂದು ಭಾವ ಜನರಿಗೆ ಹೇಳುತ್ತಿದ್ದ. ಮುಂದೆ ಹೋಗುವ ತಾನೂ ಅವನ್ನೇ ಓದಿಕೊಂಡು ಹೋಗುತ್ತೇನೆ ಎಂದು ಮಾತ್ರ ಹೇಳುತ್ತಿರಲಿಲ್ಲ. ತೋಟದಲ್ಲಿ ಕೊಯ್ಲು, ಕಾಡಿನಲ್ಲಿ ಮರ ಕಡಿತ ಎಂದು ದಾರಿ ಮೇಲಿಂದ ಮೇಲೆ ಬದಲಾಗುತ್ತಿತ್ತು. ಭಾವನಿಗೋ ದಿಕ್ಕಿನ ಪರಿವೆಯೇ ಇಲ್ಲ. ಮನೆಯ ಹಿಂದಿನ ಬೀದಿಯಲ್ಲಿ ಬಿಟ್ಟರೂ ನಾಲ್ಕು ಜನರನ್ನು ಕೇಳಿಕೊಂಡು ಬರುವ ಆಸಾಮಿ.

ದಾರಿ ಹುಡುಕುತ್ತಿದ್ದವನು ಬಾಲ. ಅವನಿಗೆ ಹೆಂಡತಿ ಮಕ್ಕಳಿಲ್ಲ, ಅಂಗಡಿಯ ಮೇಲಿನ ಕೋಣೆಯಲ್ಲಿ ವಾಸ, ಊಟ ಅಕ್ಕನ ಮನೆಯಲ್ಲಿ. ರಜಾ ದಿನ ಬಂದರೆ ಸೈಕಲ್ ಹತ್ತಿ ಹೊರಟುಬಿಡುತ್ತಿದ್ದ. ಯಾವ ಜಾಡು ಎಲ್ಲಿ ಸೇರುತ್ತದೆ, ಯಾವ ಹಳ್ಳ ಯಾವ ತಿಂಗಳು ಒಣಗುತ್ತದೆ, ಯಾವ ಇಳಿಜಾರಿನ ಜಲ್ಲಿ ಜಾರುತ್ತದೆ, ಎಲ್ಲ ಅವನಿಗೆ ಬಾಯಿಪಾಠ. ತೋಟದಜ್ಜಿ ಎಂದೇ ಎಲ್ಲರೂ ಕರೆಯುವ ದ್ರಾಕ್ಷಿ ತೋಟದ ಒಡತಿ ಪರಸ್ಥಳದ ಸೊಳ್ಳೆಯನ್ನೂ ಒಳಗೆ ಬಿಡುವವಳಲ್ಲ. ಬಾಲ ಹೋಗಿ, ಬೈಸಿಕೊಂಡು, ಮತ್ತೆ ಹೋಗಿ, ಕೊನೆಗೆ ಅವಳ ಗೇಟಿನ ಕಿತ್ತುಹೋದ ಕೀಲು ಕೂರಿಸಿಕೊಟ್ಟು ಒಪ್ಪಿಸಿಕೊಂಡಿದ್ದ. ಕಾಡಿನ ಕಾವಲುಗಾರನ ಸ್ನೇಹವೂ ಹಾಗೆ ಸಿಕ್ಕಿದ್ದು. ಇಷ್ಟೆಲ್ಲ ಆದ ಮೇಲೆ ಅಂಗಡಿಯ ಗಾಜಿನ ಮೇಲೆ ಅಂಟಿಸಿದ ಚಿತ್ರದಲ್ಲಿ ಕೋಟೆಯ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತವನು ಭಾವ, ಕೆಳಗೆ ದಪ್ಪಕ್ಷರದಲ್ಲಿ ‘ದಾರಿ ಬಲ್ಲವರ ಜೊತೆ ಬನ್ನಿ’.

ಒಬ್ಬರು ಮಾತ್ರ ಕೇಳಿದ್ದರು. ನಿವೃತ್ತ ಮೇಷ್ಟ್ರೊಬ್ಬರು ಮೂರು ವರ್ಷದಿಂದ ತಪ್ಪದೆ ಬರುತ್ತಿದ್ದರು. ಎಲ್ಲರಿಗಿಂತ ನಿಧಾನ. ಹಾಗಾಗಿ ಬಾಲನ ಜೊತೆಗೇ ಅವರ ಸವಾರಿ. ಏರಿನಲ್ಲಿ ಇಳಿದು ಸೈಕಲ್ ತಳ್ಳುತ್ತ, ಏದುಸಿರು ಬಿಡುತ್ತ ಲೋಕಾಭಿರಾಮ ಮಾತಾಡುತ್ತಿದ್ದರು. ಒಂದು ದಿನ ಬಾಣ ಬಿಚ್ಚುತ್ತಿದ್ದವನನ್ನು ನೋಡಿ, ‘ಅಲ್ರಪ್ಪಾ, ಈ ದಾರಿ ಎಲ್ಲಾ ನೀವೇ ಹುಡುಕಿದ್ದು ತಾನೇ?’ ಎಂದರು. ಬಾಲ ಗಂಟು ಬಿಚ್ಚುವುದನ್ನು ನಿಲ್ಲಿಸಿದ. ‘ನಿಮಗೆ ಯಾರು ಹೇಳಿದ್ರು?’ ಎಂದ. ‘ಯಾರು ಹೇಳ್ಬೇಕು? ನಲವತ್ತು ವರ್ಷ ಕಾಪಿ ಹೊಡೆಯೋರನ್ನ ನೋಡಿದೀನಿ ನಾನು. ನಿಮ್ಮ ಭಾವ ಪ್ರತಿ ಮರಾನೂ ಕದ್ದು ನೋಡ್ತಾರೆ’ ಎಂದು ಮೇಷ್ಟ್ರು ನಕ್ಕರು. ಆ ಒಂದು ಮಾತಿಗೆ ಬಾಲ ಅವರ ಸೈಕಲ್ಲಿನ ಚೈನು, ಬ್ರೇಕು, ಸೀಟು ಎಲ್ಲವನ್ನೂ ಹೊಸದಾಗಿ ಹಾಕಿಕೊಟ್ಟ.

ಅಷ್ಟರಲ್ಲಿ ಕಂಪನಿಯ ಮಾತು ಬಂತು. ಹತ್ತಾರು ಊರುಗಳಲ್ಲಿ ಇಂಥ ಸವಾರಿ ನಡೆಸುವ ದೊಡ್ಡ ಪ್ರವಾಸ ಕಂಪನಿ ಭಾವನ ಸವಾರಿಯನ್ನೂ ಸೇರಿಸಿಕೊಳ್ಳಲಿತ್ತು. ಜೊತೆಗೆ ಅವರಿಗೆ ದಾರಿ ಹುಡುಕಲೆಂದೇ ಒಬ್ಬ ಮುಖ್ಯಸ್ಥ ಬೇಕಾಗಿದ್ದ. ಹೊಸ ಹೊಸ ಜಾಗಕ್ಕೆ ಹೋಗುವುದು, ಸೈಕಲ್ ಓಡುವ ದಾರಿ ಹುಡುಕುವುದು, ದಾರಿ ಮಾಡಿದವರು ಎಂದು ಅದರ ಕೆಳಗೆ ಹೆಸರು ಬರೆಸಿಕೊಳ್ಳುವುದು. ಬಾಲ ಮೂರು ದಿನ ಸರಿಯಾಗಿ ನಿದ್ದೆ ಮಾಡಲಿಲ್ಲ. ನಾಲ್ಕನೆಯ ದಿನ ನಾಚಿಕೆ ಬಿಟ್ಟು ಮುಂದಿನ ಕೋಣೆಗೆ ಹೋಗಿ, ‘ಭಾವ, ಆ ಕೆಲಸಕ್ಕೆ ನನ್ನ ಹೆಸರು ಹೇಳಿ’ ಎಂದ.

‘ಹೇಳೋಣಪ್ಪ, ಅದಕ್ಕೇನಂತೆ’ ಎಂದು ಭಾವ ಕ್ಯಾಟಲಾಗಿನ ಹಾಳೆ ತಿರುಗಿಸಿದ.

ಹೇಳಿದ್ದು ಏನೆಂದು ಎರಡು ದಿನದಲ್ಲೇ ಗೊತ್ತಾಯಿತು. ಬಾಲ ಸ್ಟ್ಯಾಂಡಿನ ಮೇಲೆ ಚಕ್ರ ಕೂರಿಸಿಕೊಂಡು ಕಡ್ಡಿ ಬಿಗಿಸುತ್ತಿದ್ದ. ಎರಡು ಕೋಣೆಗಳ ನಡುವೆ ಇದ್ದದ್ದು ತೆಳು ಹಲಗೆ. ಆಚೆ ಭಾವ ಫೋನಿನಲ್ಲಿ ಬೆಣ್ಣೆಯಂಥ ದನಿಯಲ್ಲಿ ಮಾತಾಡುತ್ತಿದ್ದ. ‘ದಾರೀನಾ? ಎಲ್ಲಾ ನಾನೇ ಹುಡುಕಿದ್ದು ಮೇಡಂ. ಹನ್ನೊಂದು ವರ್ಷದ ತಪಸ್ಸು ಅನ್ನಿ... ಇಲ್ಲ ಇಲ್ಲ, ಬೇರೆ ಯಾರಿಲ್ಲ. ಭಾಮೈದ ಒಬ್ಬ ಇದಾನೆ, ಪಂಕ್ಚರ್ ಗಿಂಕ್ಚರ್ ಹಾಕ್ತಾನೆ. ಮನೆ ಹುಡುಗ, ಬಿಡೋಕಾಗಲ್ಲ ನೋಡಿ.’

ನಲವತ್ತಮೂರು ವರ್ಷದ ಮನೆ ಹುಡುಗ ಕೈಯಲ್ಲಿದ್ದ ಕಡ್ಡಿಯನ್ನು ಎಷ್ಟು ಬಿಗಿಸಿದನೆಂದರೆ ಅದು ಟಣ್ ಎಂದು ತುಂಡಾಯಿತು. ಸುಳ್ಳು ಹೇಳಿದ್ದು ಹೋಗಲಿ ಎಂದರೂ ಆ ‘ಗಿಂಕ್ಚರ್’ ಅವನ ಹೊಟ್ಟೆಯೊಳಗೆ ಹೋಗಿ ಕೂತುಬಿಟ್ಟಿತು.

ಮಧ್ಯಾಹ್ನ ಊಟಕ್ಕೆ ಹೋದಾಗ ಅಕ್ಕನ ಮುಂದೆ ಹೇಳಿಕೊಂಡ. ಅವಳು ಮೇಜಿನ ಮೇಲೆ ರಟ್ಟು ಹರಡಿಕೊಂಡು ಬಾಣ ಕತ್ತರಿಸುತ್ತಿದ್ದಳು. ‘ಅವರ ಬಾಯಿ ಹಾಗೆ ಕಣೋ. ಮನಸ್ಸಲ್ಲಿ ಏನೂ ಇಟ್ಕೊಂಡಿಲ್ಲ’ ಎಂದಳು.

‘ಮನಸ್ಸಲ್ಲಿರೋದು ಕಟ್ಕೊಂಡು ನಾನೇನು ಮಾಡ್ಲಿ ಅಕ್ಕ? ಬಾಯಲ್ಲಿ ಬರ್ಲಿ. ನಾಲ್ಕು ಜನರ ಮುಂದೆ ಬರ್ಲಿ.’

‘ನಾಡಿದ್ದು ಆ ಕಂಪನಿಯವಳೇ ಸವಾರಿಗೆ ಬರ್ತಾಳಂತೆ. ಅವತ್ತು ಹೇಳ್ತಾರೆ ಬಿಡು. ನಾನೂ ಒಂದು ಮಾತು ಅವರ ಕಿವಿಗೆ ಹಾಕ್ತೀನಿ’ ಎಂದು ಅಕ್ಕ ತಟ್ಟೆಗೆ ಇನ್ನಷ್ಟು ಬಡಿಸಿದಳು. ಅಕ್ಕ ಯಾವಾಗಲೂ ಹಾಗೆಯೇ. ಮನೆಯಲ್ಲಿ ಯಾವ ಜಗಳ ಬಂದರೂ ಮೊದಲು ತಟ್ಟೆಗೆ ಬಡಿಸುತ್ತಾಳೆ. ಬಾಲನಿಗೆ ಅದು ಗೊತ್ತಿತ್ತು, ಆದರೂ ಅಂದು ತಿಂದದ್ದು ಮೈಗೆ ಹತ್ತಲಿಲ್ಲ.

ಸವಾರಿಯ ಹಿಂದಿನ ಮಧ್ಯಾಹ್ನ ಚೀಲ ತುಂಬ ಬಾಣ ತುಂಬಿಕೊಂಡು ಹೊರಟ. ಕಂಪನಿಯಾಕೆಗಾಗಿ ಈ ಸಲ ಎರಡನೆಯ ಕೋಟೆಯಿಂದಾಚೆಗೆ ಹೊಸ ದಾರಿ. ಭಾವ ಅದರಲ್ಲಿ ಒಂದು ಸಲವೂ ಚಕ್ರ ಊರಿರಲಿಲ್ಲ. ‘ಹೊಸದೇನಾದ್ರೂ ಇರ್ಲಿ, ಚೆನ್ನಾಗಿರೋದು’ ಎಂದಷ್ಟೇ ಹೇಳಿದ್ದ, ತರಕಾರಿ ತರಲು ಹೇಳುವ ಹಾಗೆ. ತೋಟದಲ್ಲಿ ಐದು, ಮೊದಲ ಕೋಟೆಯ ಕಂದಕದ ಬಳಿ ಎರಡು, ಕಾಡಿನೊಳಗೆ ಒಂಬತ್ತು ಬಾಣ ಕಟ್ಟಿದ. ಗೋಪುರ ಮುರಿದ ಎರಡನೆಯ ಕೋಟೆ ದಾಟಿ ಇಳಿಯುತ್ತ ಆ ಕವಲಿಗೆ ಬಂದ.

ಎಡಕ್ಕೆ ಎರಡು ಮರಗಳ ಸಂದಿಯಲ್ಲಿ ನುಸುಳುವ ಕಿರಿದಾದ ಜಾಡು. ಅದೇ ಸರಿಯಾದದ್ದು, ಗಿರಣಿಗೆ ಒಯ್ಯುವುದು ಅದೇ. ನೇರಕ್ಕೆ ಗಾಡಿ ಹೋಗುವಷ್ಟು ಅಗಲದ, ನೋಡಲು ಚೆಂದದ ಜಲ್ಲಿ ದಾರಿ. ಕೋಟೆ ಕಟ್ಟಲು ಕಲ್ಲು ತೆಗೆದ ಹಳೆಯ ಗಣಿಗೆ ಹೋಗುತ್ತಿದ್ದ ದಾರಿ ಅದು. ಅರ್ಧ ಕಿಲೋಮೀಟರ್ ಇಳಿದು, ಒಂದು ತಿರುವು ತಿರುಗಿ, ಗಣಿಯ ಬಾಯಿಗೆ ಹೋಗಿ ಮುಗಿಯುತ್ತಿತ್ತು. ಬೇಲಿ ಯಾವತ್ತೋ ಕೊಳೆತು ಬಿದ್ದಿತ್ತು. ಬಾಣವೂ ಬೇಕು, ಕೊಂಬೆಯೂ ಬೇಕು ಎನ್ನುವ ಜಾಗ ಆ ದಿನದ ದಾರಿಯಲ್ಲಿ ಅದೊಂದೇ.

ಬಾಲ ಬಾಣ ಕೈಯಲ್ಲಿ ಹಿಡಿದು ಮರದ ಮುಂದೆ ನಿಂತ. ಭಾವ ಇಲ್ಲಿಗೆ ಬರುತ್ತಾನೆ. ಬಾಣ ಕಾಣುವುದಿಲ್ಲ. ಗೊತ್ತಿಲ್ಲದವನು ಕವಲಿನಲ್ಲಿ ನಿಲ್ಲಲೇಬೇಕು. ಕಂಪನಿಯಾಕೆಯ ಮುಂದೆ ಈ ಮರ ನೋಡುತ್ತಾನೆ, ಆ ಮರ ನೋಡುತ್ತಾನೆ, ಬೆವರು ಒರೆಸಿಕೊಳ್ಳುತ್ತಾನೆ. ಆಕೆ, ‘ಯಾವ ಕಡೆ?’ ಎನ್ನುತ್ತಾಳೆ. ಭಾವ ತಬ್ಬಿಬ್ಬಾಗುತ್ತಾನೆ. ಆಗ ಹಿಂದಿನಿಂದ ಬಾಲ ನಿಧಾನವಾಗಿ ಬಂದು, ಕಾಲು ಊರಿ, ‘ಎಡಕ್ಕೆ ಭಾವ’ ಎನ್ನುತ್ತಾನೆ. ಅಷ್ಟೇ. ಅದಕ್ಕಿಂತ ಹೆಚ್ಚು ಒಂದು ಮಾತೂ ಆಡುವುದಿಲ್ಲ. ಆ ಎರಡು ಮಾತು ಅವನ ನಾಲಗೆಯ ಮೇಲೆ ಎಷ್ಟು ಸಿಹಿಯಾಗಿತ್ತೆಂದರೆ ಅಲ್ಲೇ ಒಂದು ಸಲ ಗಟ್ಟಿಯಾಗಿ ಹೇಳಿ ನೋಡಿದ. ಕೊಂಬೆಯನ್ನಾದರೂ ಇಡಬೇಕೆಂದು ಒಂದು ಹೆಜ್ಜೆ ಹೋದವನು ನಿಂತ. ಕೊಂಬೆ ಇಟ್ಟರೆ ಭಾವನಿಗೆ ಗೊತ್ತಾಗಿಬಿಡುತ್ತದೆ. ಬಾಣವನ್ನು ಚೀಲಕ್ಕೆ ಹಾಕಿಕೊಂಡು ಸೈಕಲ್ ಹತ್ತಿದ. ಇದನ್ನು ಮಾಡಿದವನು ಕೆಟ್ಟವನಲ್ಲ ಎಂದು ಹೇಳಲು ಬಾಯಿ ಬರುತ್ತದೆ, ಆದರೆ ಹೇಳುವ ಹಾಗಿಲ್ಲ. ಆ ಇಳಿಜಾರು ಎಂಥದೆಂದು ಅವನಿಗೆ ಗೊತ್ತಿತ್ತು.

ಮರುದಿನ ಬೆಳಿಗ್ಗೆ ಒಂಬತ್ತು ಜನ ಸೇರಿದರು. ಕಂಪನಿಯಾಕೆ ಮೂವತ್ತರ ಆಸುಪಾಸಿನವಳು, ಕೈಕುಲುಕಿ ಮಾತಾಡಿಸುವ ಹುಡುಗಿ. ಬಾಲನ ಗ್ರೀಸು ಹತ್ತಿದ ಕೈಯನ್ನೂ ಕುಲುಕಿದಳು. ಭಾವ ತಲೆ-ಬಾಲದ ಜೋಕು ಹೇಳಿದ. ಆಕೆ ನಕ್ಕಳು. ಅಕ್ಕ ವ್ಯಾನಿನ ಬಾಗಿಲಲ್ಲಿ ನಿಂತು ತಮ್ಮನ ಮುಖ ನೋಡಿದಳು. ಭಾವನ ಬಾಯಿಂದ ಬೇರೆ ಮಾತು ಬರಲಿಲ್ಲ.

ಮೇಷ್ಟ್ರು ಇಡೀ ಗುಂಪನ್ನು ಕಾಯಿಸುತ್ತಾರೆ, ಆಕೆಯ ಮುಂದೆ ಅದು ಚೆನ್ನಾಗಿ ಕಾಣುವುದಿಲ್ಲ ಎಂದು ಭಾವ ಅಂಗಡಿಯ ಬ್ಯಾಟರಿ ಸೈಕಲ್ಲನ್ನು ಅವರಿಗೆ ಕೊಟ್ಟಿದ್ದ. ತುಳಿದರೆ ತಾನೇ ಎಳೆದುಕೊಂಡು ಹೋಗುವ ಭಾರದ ಸೈಕಲ್. ಅರವತ್ತೆಂಟರ ಮೇಷ್ಟ್ರ ಮುಖ ಹಬ್ಬದ ಬಟ್ಟೆ ಸಿಕ್ಕ ಮಗುವಿನ ಹಾಗಾಗಿತ್ತು. ‘ಇವತ್ತು ನಿಮ್ಮನ್ನ ಬಿಟ್ಟು ಮುಂದೆ ಹೋಗ್ತಿದೀನಪ್ಪಾ. ಬೇಜಾರು ಮಾಡ್ಕೋಬೇಡಿ’ ಎಂದು ಗಂಟೆ ಬಾರಿಸಿಕೊಂಡು ಹೊರಟೇಬಿಟ್ಟರು. ಬಾಲ ಪೆಡಲಿನ ಮೇಲೆ ಕಾಲಿಟ್ಟವನು ಹಾಗೇ ನಿಂತ. ಕೂಗಿ ಕರೆಯಬಹುದಿತ್ತು. ಎಲ್ಲರೂ ಕವಲಿನಲ್ಲಿ ನಿಲ್ಲುತ್ತಾರಲ್ಲ ಎಂದು ತನಗೆ ತಾನೇ ಹೇಳಿಕೊಂಡ.

ದ್ರಾಕ್ಷಿ ಸಾಲುಗಳ ನಡುವಿನ ದಾರಿ ಇಬ್ಬನಿಗೆ ಗಟ್ಟಿಯಾಗಿ ಕೂತಿತ್ತು, ಚಕ್ರಗಳಡಿ ಜಲ್ಲಿ ಚರಚರ ಎನ್ನುತ್ತಿತ್ತು. ಕೊನೆಯ ಗೇಟಿನ ಬಳಿ ತೋಟದಜ್ಜಿ ಕುಕ್ಕೆ ಹಿಡಿದು ನಿಂತಿದ್ದಳು. ‘ನಿಮ್ಮ ದೊಡ್ಡ ಮನುಷ್ಯರು ತಿರುಗಿಯೂ ನೋಡ್ದೆ ಹೋದ್ರು’ ಎಂದು ಗೊಣಗಿ ಅವನ ಕೈಗೊಂದು ಗೊಂಚಲು ತುರುಕಿದಳು. ಮೊದಲ ಕೋಟೆಯಲ್ಲಿ ಭಾವ ಎಂದಿನಂತೆ ಗೋಡೆಯಿಂದ ಚಾಚಿಕೊಂಡ ಸಣ್ಣ ಗೂಡನ್ನು ತೋರಿಸಿ, ರಾಣಿ ತನ್ನ ಪ್ರಿಯಕರನ ದಾರಿ ಕಾಯುತ್ತಿದ್ದದ್ದು ಅಲ್ಲಿಂದಲೇ ಎಂದು ಕಥೆ ಹೊಸೆಯುತ್ತಿದ್ದ. ಅದು ಅಂದಿನವರ ಕಕ್ಕಸು. ಕೋಟೆಯ ಕಾವಲಿನವನು ಬಾಲನಿಗೆ ಎಂದೋ ಹೇಳಿದ್ದ. ಕಂಪನಿಯಾಕೆ ಆ ಗೂಡಿನ ಫೋಟೋ ತೆಗೆದುಕೊಂಡಳು. ಬೇರೆ ದಿನವಾಗಿದ್ದರೆ ಬಾಲ, ಮೇಷ್ಟ್ರು ಇಬ್ಬರೂ ಒಬ್ಬರನ್ನೊಬ್ಬರು ನೋಡಿ ನಗು ತಡೆದುಕೊಳ್ಳುತ್ತಿದ್ದರು. ಮೇಷ್ಟ್ರು ಇಂದು ಮುಂದಿನ ಸಾಲಿನಲ್ಲಿದ್ದರು.

ಎರಡನೆಯ ಕೋಟೆ ದಾಟಿ ಕಾಡಿನ ಇಳಿಜಾರು ಶುರುವಾಗುವ ಹೊತ್ತಿಗೆ, ಹಿಂದುಳಿದಿದ್ದ ಗಂಡ ಹೆಂಡತಿ ಜೋಡಿಯೊಂದರ ಸೈಕಲ್ಲಿನ ಚೈನು ಕಳಚಿತು. ಎರಡು ನಿಮಿಷದ ಕೆಲಸ. ಬಾಲ ಹತ್ತು ನಿಮಿಷ ಮಾಡಿದ. ಚೈನು ಕೂರಿಸಿ, ಮತ್ತೆ ತೆಗೆದು, ಎಣ್ಣೆ ಬಿಟ್ಟು, ಒಂದೊಂದೇ ಬೆರಳನ್ನು ಬಟ್ಟೆಯಿಂದ ಒರೆಸಿಕೊಂಡ. ಕೆಳಗೆ ಕವಲಿನಲ್ಲಿ ಭಾವ ಚೆನ್ನಾಗಿ ಬೇಯಲಿ ಎಂದುಕೊಂಡ. ಆಮೇಲೆ ನಿಧಾನವಾಗಿ ಇಳಿದ, ನಾಲಗೆಯ ತುದಿಯಲ್ಲಿ ಎರಡು ಮಾತು ಇಟ್ಟುಕೊಂಡು.

ಕವಲಿನಲ್ಲಿ ಯಾರೂ ಇರಲಿಲ್ಲ.

ಎಡದ ಜಾಡಿನ ಮೇಲೆ ಎಲೆಗಳು ಹಾಗೇ ಬಿದ್ದಿದ್ದವು. ನೇರ ದಾರಿಯ ಜಲ್ಲಿಯ ಮೇಲೆ ಟೈರಿನ ಗುರುತುಗಳು ಸಾಲಾಗಿ ಇಳಿದಿದ್ದವು. ಒಂದಾದರೂ ಅತ್ತಿತ್ತ ಅಲುಗಾಡಿರಲಿಲ್ಲ. ಯಾರೂ ಅಲ್ಲಿ ಕಾಲು ಊರಿಯೇ ಇರಲಿಲ್ಲ. ಬಾಲ ‘ನಿಲ್ಲಿ! ನಿಲ್ಲಿ!’ ಎಂದು ಕೂಗುತ್ತ, ಹಿಂದಿನ ಜೋಡಿಯನ್ನು ಅಲ್ಲೇ ಬಿಟ್ಟು, ಬ್ರೇಕಿನ ಮೇಲಿನ ಬೆರಳು ತೆಗೆದು ಇಳಿಜಾರಿಗೆ ನುಗ್ಗಿದ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಬಾಲ ತನ್ನ ಹಿಂದೆ ಜನರನ್ನು ಬಿಟ್ಟು ಹೋಗಿದ್ದ. ತಿರುವಿನಾಚೆಯಿಂದ ಜನರ ಕೂಗಾಟ ಮೊದಲು ಕೇಳಿಸಿತು, ಆಮೇಲೆ ‘ಮೇಷ್ಟ್ರೇ, ಮೇಷ್ಟ್ರೇ’ ಎನ್ನುವ ಹೆಂಗಸೊಬ್ಬಳ ದನಿ.

ಭಾವ ಕೊನೆಯ ಗಳಿಗೆಯಲ್ಲಿ ಗಣಿಯ ಬಾಯಿ ಕಂಡು ಸೈಕಲ್ಲನ್ನು ಅಡ್ಡ ಬೀಳಿಸಿಕೊಂಡು ನಿಂತಿದ್ದ, ಅಂಗೈ ಸುಲಿದಿತ್ತು. ಹಿಂದಿನವರು ಜಾರಿ, ಉರುಳಿ, ಹೇಗೋ ನಿಂತಿದ್ದರು. ನಿಲ್ಲಲಾಗದೆ ಹೋದದ್ದು ಭಾರದ ಸೈಕಲ್ಲು. ಅದರ ಬ್ರೇಕಿನ ಹದ ಗೊತ್ತಿಲ್ಲದೆ ಮೇಷ್ಟ್ರು ಒಮ್ಮೆಲೇ ಹಿಡಿದಿದ್ದರು. ಚಕ್ರ ಜಲ್ಲಿಯಲ್ಲಿ ಜಾರಿತ್ತು. ಒಂದಾಳೆತ್ತರ ಕೆಳಗಿನ ಕಲ್ಲಿನ ಮೆಟ್ಟಿಲ ಮೇಲೆ ಅವರು ಬಿದ್ದಿದ್ದರು. ಸೈಕಲ್ಲು ಇನ್ನೂ ಕೆಳಗೆ, ಗಣಿಯ ತಳದಲ್ಲಿ ನಿಂತ ನೀರಿನಲ್ಲಿ. ಮೇಷ್ಟ್ರ ಬಲಗಾಲು ಕಾಲು ಇರಬೇಕಾದ ರೀತಿಯಲ್ಲಿ ಇರಲಿಲ್ಲ.

ಬಾಲ ಕೆಳಕ್ಕೆ ಇಳಿದು ಅವರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡ. ಮೇಷ್ಟ್ರು ಕಣ್ಣು ತೆರೆದು ಗುರುತು ಹಿಡಿದರು. ‘ಬಂದ್ರಾ?’ ಎಂದರು. ಬಾಲನ ತೋಳು ಹಿಡಿದುಕೊಂಡು, ‘ನಿಮ್ಮ ಜೊತೆನೇ ಬರ್ಬೇಕಿತ್ತು ನಾನು’ ಎಂದರು. ಬಾಲ ಅವರ ಹೆಲ್ಮೆಟ್ಟಿನ ಪಟ್ಟಿ ಸಡಿಲಿಸುವ ನೆಪದಲ್ಲಿ ಮುಖ ಬಗ್ಗಿಸಿದ. ಆ ಮೇಲಿನ ಎರಡು ಗಂಟೆಗಳಲ್ಲಿ, ಆಂಬುಲೆನ್ಸಿನವರು ಹಗ್ಗ ಹಾಕಿ ಸ್ಟ್ರೆಚರ್ ಮೇಲೆತ್ತುವ ತನಕ, ಅವನನ್ನು ಯಾರೂ ಏನೂ ಕೇಳಲಿಲ್ಲ. ಎಲ್ಲರೂ ನೀರು ಕೊಟ್ಟರು.

ಮಾರನೆಯ ಬೆಳಿಗ್ಗೆ ಹತ್ತಕ್ಕೆ ಕಂಪನಿಯಾಕೆ ಅಂಗಡಿಗೆ ಬಂದಳು. ಮುಂದಿನ ಕೋಣೆಯಲ್ಲಿ ಗಿರಾಕಿಗಳು ಬರುತ್ತಾರೆಂದು ಅಕ್ಕ ಎಲ್ಲರನ್ನೂ ಹಿಂದಿನ ಕೋಣೆಗೆ ಕರೆದಳು. ಬಾಲ ತನ್ನ ಸ್ಟೂಲನ್ನು ಒರೆಸಿ ಆಕೆಗೆ ಕೊಟ್ಟ. ಭಾವ ಬ್ಯಾಂಡೇಜಿನ ಕೈಯನ್ನು ಮಡಿಲಲ್ಲಿಟ್ಟುಕೊಂಡು ಟೈರುಗಳ ರಾಶಿಯ ಮೇಲೆ ಕೂತ. ಅಕ್ಕ ಆಸ್ಪತ್ರೆಗೆ ಒಯ್ಯುವ ಊಟದ ಡಬ್ಬಿ ಹಿಡಿದು ಬಾಗಿಲ ಬಳಿ ನಿಂತಳು. ಮೇಷ್ಟ್ರ ಸೊಂಟದ ಮೂಳೆ ಮುರಿದಿದೆ, ಜೀವಕ್ಕೆ ಅಪಾಯವಿಲ್ಲ, ಇನ್ನು ಸೈಕಲ್ ಮಾತ್ರ ಹತ್ತುವಂತಿಲ್ಲ ಎಂದು ಡಾಕ್ಟರು ಹೇ‍ಳಿದ್ದನ್ನು ಅವಳೇ ತಿಳಿಸಿದಳು.

ಕಂಪನಿಯಾಕೆ ಒಂದು ಅಚ್ಚಾದ ಕಾಗದ ತೆಗೆದು ತೊಡೆಯ ಮೇಲೆ ಇಟ್ಟುಕೊಂಡಳು. ‘ನಮ್ಮೋರು ವರದಿ ಕೇಳಿದಾರೆ ಸರ್. ದಾರಿ ಗೊತ್ತು ಮಾಡಿದವರು ಯಾರು ಅಂತ ಬರೀಬೇಕು. ನೀವೇ ಅಲ್ವಾ?’

ಭಾವ ಬ್ಯಾಂಡೇಜನ್ನು ನೋಡುತ್ತ ಕೂತ. ಆಮೇಲೆ ತಲೆಯೆತ್ತಿದ. ‘ಮೇಡಂ, ನಿಜ ಹೇಳಿಬಿಡ್ತೀನಿ. ದಾರಿ ನಂದಲ್ಲ. ಒಂದೇ ಒಂದು ದಾರೀನೂ ನಾನು ಹುಡುಕಿದ್ದಲ್ಲ. ಎಲ್ಲಾ ಇವನದೇ. ರಜಾ ದಿನ ನಾನು ಕಾಲು ಚಾಚಿ ಮಲಗಿದ್ರೆ ಇವನು ಮಳೇಲಿ ನೆನ್ಕೊಂಡು ಕಾಡು ಅಲೀತಿದ್ದ. ಆ ತೋಟದಜ್ಜಿ ನನ್ನ ಮುಖ ಕಂಡ್ರೆ ಉಗೀತಾಳೆ. ಇವನು ಹೋಗಿ ಗೇಟು ರಿಪೇರಿ ಮಾಡಿಕೊಟ್ಟು ಒಪ್ಪಿಸಿದ. ಎಲ್ಲಿ ಹಳ್ಳ, ಎಲ್ಲಿ ಜಾರುತ್ತೆ, ಎಲ್ಲಿ ನೆರಳು, ಎಲ್ಲಾ ಇವನಿಗೇ ಗೊತ್ತು. ನಾನು ಸುಮ್ನೆ ಮುಂದೆ ಹೋಗೋನು. ಫೋನಲ್ಲಿ ನಿಮಗೆ ಬೇರೆ ಹೇಳಿದ್ದೆ. ಅದು ಸುಳ್ಳು.’

ಬಾಲ ಕಿವಿಗೊಟ್ಟು ಕೇಳಿದ. ಹನ್ನೊಂದು ವರ್ಷದಿಂದ ಕೇಳಬೇಕೆಂದಿದ್ದ ಮಾತುಗಳು ಒಂದೂ ಬಿಡದೆ ಬಂದವು. ನಾಲ್ಕು ಜನರ ಮುಂದೆ, ಭಾವನ ಬಾಯಿಂದಲೇ. ಭಾವ ಎಲ್ಲವನ್ನೂ ಬಲ್ಲ, ಎಲ್ಲವನ್ನೂ ನೋಡಿದ್ದಾನೆ. ತಪ್ಪಿನ ಮೂಟೆ ತನ್ನ ತಲೆಯಿಂದ ಇಳಿಸಲು ಹೇಳುತ್ತಿದ್ದಾನೆ, ನಿಜ. ಆದರೆ ಅದರಲ್ಲಿ ಸುಳ್ಳು ಒಂದಕ್ಷರವೂ ಇರಲಿಲ್ಲ.

ಕಂಪನಿಯಾಕೆ ಅವನ ಕಡೆ ತಿರುಗಿದಳು. ‘ಹೌದಾ ಸರ್? ಎಲ್ಲಾ ನೀವೇನಾ?’

‘ಹೌದು’ ಎಂದ. ಆಕೆ ಅವನ ಹೆಸರು ಕೇಳಿ, ‘ದಾರಿ ಮಾಡಿದವರು’ ಎಂಬ ಸಾಲಿನ ಮುಂದೆ ಬರೆದಳು.

‘ಹಾಗಾದ್ರೆ ಆ ಕವಲಲ್ಲಿ ಬಾಣ ಯಾಕಿರಲಿಲ್ಲ?’

ಅಕ್ಕನೇ ಬಾಯಿಬಿಟ್ಟಳು. ಅವಳ ದನಿ ಬೇಡಿಕೊಳ್ಳುವಂತಿತ್ತು. ‘ಮರೆತಿರ್ತೀಯ ಅಲ್ವೇನೋ? ನಾನೇ ಒಂದು ಬಾಣ ಕಮ್ಮಿ ಹಾಕಿದ್ನೇನೋ ಚೀಲಕ್ಕೆ.’

‘ಮರೆತಿರ್ತಾನೆ ಪಾಪ’ ಎಂದು ಭಾವನೂ ದನಿಗೂಡಿಸಿದ. ‘ಮನುಷ್ಯ ತಾನೇ. ತಲೆ ಎಲ್ಲೋ ಇತ್ತು.’

ಅದೊಂದು ಸಾಕಾಗಿತ್ತು. ಹೂಂ ಎಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ತನ್ನ ಹೆಸರು ಆ ಕಾಗದದ ಮೇಲೆ ಇನ್ನೂ ಹಸಿಯಾಗಿರುವಾಗ, ಕವಲಿಗೆ ಬಾಣ ಕಟ್ಟಲು ಮರೆತ ಅಡ್ಡಕಸುಬಿ ಎನಿಸಿಕೊಳ್ಳುವುದು ಅವನಿಂದಾಗಲಿಲ್ಲ. ಯೋಚನೆಗಿಂತ ಮೊದಲು ಬಾಯಿ ಓಡಿತು. ‘ನಾನು ಯಾವತ್ತೂ ಮರೆತಿಲ್ಲ. ಮರೆಯೋದೂ ಇಲ್ಲ.’

ಆಡಿದ ಮೇಲೆ ಅವನಿಗೇ ಕೇಳಿಸಿತು. ಕಂಪನಿಯಾಕೆಯ ಪೆನ್ನು ನಿಂತಿತು. ಅಕ್ಕ ಅವನನ್ನೇ ನೋಡುತ್ತ, ‘ಕೊಂಬೆ?’ ಎಂದಳು.

‘ಕೊಂಬೆನೂ ಇಟ್ಟಿಲ್ಲ’ ಎಂದ ಬಾಲ. ‘ಭಾವ ನಿಲ್ತಾರೆ ಅಂದ್ಕೊಂಡಿದ್ದೆ ಅಕ್ಕ. ನಿಂತು ಒದ್ದಾಡ್ತಾರೆ, ನಾನು ಬಂದು ಹೇಳೋಣ ಅಂತ. ಅಷ್ಟೇ. ಬೀಳ್ಲಿ ಅಂತಲ್ಲ. ಗೊತ್ತಿಲ್ದೇ ಇರೋರು ನಿಲ್ತಾರಲ್ವಾ ಯಾರಾದ್ರೂ? ಜಂಬ ಮಾಡ್ಕೊಂಡು ನುಗ್ಗಿದ್ರೆ ನಾನೇನು ಮಾಡ್ಲಿ?’

ಭಾವ ಬಾಯಿ ತೆರೆದುಕೊಂಡು ಅವನನ್ನು ನೋಡಿದ. ಸಿಟ್ಟು ಬರಬೇಕಾದ ಮುಖದಲ್ಲಿ ಸಿಟ್ಟು ಬರಲಿಲ್ಲ. ‘ನಾನ್ಯಾಕೋ ನಿಲ್ಲಲಿ?’ ಎಂದ. ‘ಬಾಣ ಇಲ್ದೇ ಇರೋ ಕಡೆ ನೇರ ಹೋಗಿ ಭಾವ ಅಂತ ಹೇಳ್ಕೊಟ್ಟೋನು ನೀನೇ ಅಲ್ವಾ? ಮೊದಲನೇ ವರ್ಷ. ಕಂಡ ಕಂಡ ಕವಲಿಗೆಲ್ಲಾ ಕಟ್ಟೋಕೆ ರಟ್ಟು ಎಲ್ಲಿಂದ ತರ್ಲಿ ಅಂತ ನೀನೇ ಅಂದಿದ್ದೆ. ಅವತ್ತಿಂದ ಹಾಗೇ ಹೋಗ್ತಿದೀನಿ. ಬಾಣ ಇಲ್ಲ ಅಂದ್ರೆ ನೀನು ನೇರ ಅಂತಿದೀಯ ಅಂತ. ಒಂದು ದಿನಾನೂ ನೀನು ನನ್ನ ತಪ್ಪಿಸಿರ್ಲಿಲ್ಲ.’

ಬಾಲ ಹಾಗೆ ಹೇಳಿದ್ದು ನಿಜ. ಇದೇ ಕೋಣೆಯಲ್ಲಿ, ಇದೇ ಸ್ಟ್ಯಾಂಡಿನ ಪಕ್ಕ ನಿಂತು ಹೇಳಿದ್ದ. ಬಾಣ ಕಟ್ಟುವವನು ಅವನು, ಓದುವವನಲ್ಲ. ಹನ್ನೊಂದು ವರ್ಷದಲ್ಲಿ ಒಂದು ಸಲವೂ ಅವನು ಬಾಣ ನೋಡಿಕೊಂಡು ದಾರಿ ಹೋದವನಲ್ಲ. ಬಾಣವಿಲ್ಲದ ಕವಲು ಭಾವನಿಗೆ ಏನು ಹೇಳುತ್ತದೆಂದು ಅವನ ತಲೆಗೆ ಹೊಳೆದೇ ಇರಲಿಲ್ಲ. ಭಾವ ಜಂಬದಿಂದ ನುಗ್ಗಲಿಲ್ಲ. ಭಾಮೈದನ ಮಾತು ನಂಬಿ ಇಳಿದ.

ಕಂಪನಿಯಾಕೆ ಬರೆಯುತ್ತಿದ್ದದ್ದನ್ನು ಮುಗಿಸಿ ಕಾಗದ ಮಡಚಿದಳು. ಯಾರ ಕೈಯನ್ನೂ ಕುಲುಕದೆ ಹೊರಟಳು. ಅಕ್ಕ ಡಬ್ಬಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿ ವ್ಯಾನಿನ ಕಡೆ ನಡೆದಳು. ಬಾಲ ಹಿಂದೆಯೇ ಓಡಿದ.

‘ನಾನೂ ಬರ್ತೀನಿ ಅಕ್ಕ. ಮೇಷ್ಟ್ರಿಗೆ ನಾನೇ ಹೇಳ್ತೀನಿ.’

ಅಕ್ಕ ಡಬ್ಬಿಯನ್ನು ಪಕ್ಕದ ಸೀಟಿನ ಮೇಲೆ, ಯಾವಾಗಲೂ ಅವನು ಕೂರುವ ಜಾಗದಲ್ಲಿ ಇಟ್ಟು ಬಾಗಿಲು ಎಳೆದುಕೊಂಡಳು. ಕಿಟಕಿಯಿಂದ ಅವನ ಕಡೆ ನೋಡದೆ, ‘ಬೆಳಗ್ಗೆಯಿಂದ ನಿನ್ನನ್ನೇ ಕೇಳ್ತಿದಾರಂತೆ ಅವರು’ ಎಂದಳು. ‘ಬಾಲ ಹತ್ರ ಇದ್ದಿದ್ರೆ ನನಗೇನೂ ಆಗ್ತಿರ್ಲಿಲ್ಲ ಅಂತ ನರ್ಸ್ ಹತ್ರ ಹೇಳ್ತಿದಾರಂತೆ. ಹಾಗೇ ಅಂದ್ಕೊಂಡಿರ್ಲಿ. ನೀನು ಬರಬೇಡ.’